ಕೊಟ್ಟದ್ದು ಮುಟ್ಟಿತೇನ್ರಿ?

ದಾನಧರ್ಮದ ದೊಡ್ಡ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ವಿಳಾಸ ಹುಡುಕಿಕೊಂಡು ಬರುತ್ತದೆ. ನನ್ನ ಮನೆ ಹುಮನಾಬಾದಿನಲ್ಲಿ, ಆಫೀಸು ಬಸವಕಲ್ಯಾಣದಲ್ಲಿ, ಹೆಡ್ ಆಫೀಸು ಎಲ್ಲೋ ದೂರದ ಮಹಾನಗರದಲ್ಲಿ. ಸಂಸ್ಥೆಯ ಜಾಹೀರಾತು ಟೀವಿಯಲ್ಲಿ ತಪ್ಪದೆ ಬರುತ್ತದೆ, ನಮ್ಮ ಸಂಬಳ ಸ್ವಲ್ಪ ತಪ್ಪಿ ಬರುತ್ತದೆ. ನನ್ನ ಕೆಲಸ ಎರಡೇ. ಶಹರದವರು ಕೊಟ್ಟ ದಾನದಲ್ಲಿ ಹಳ್ಳಿಯ ಮನೆಗಳಿಗೆ ಸಾಕಲು ಆಡು ಕೊಡುವುದು ಒಂದು. ಕೊಟ್ಟಿದ್ದೇವೆ ಎಂದು ನಂಬಿಸುವುದು ಇನ್ನೊಂದು. ಮೊದಲನೆಯದು ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಎರಡನೆಯದು ಮುಗಿದದ್ದನ್ನು ನಾನಿನ್ನೂ ಕಂಡಿಲ್ಲ.

ಕೊಟ್ಟವರಿಗೂ ಅನುಮಾನ, ತಗೊಂಡವರಿಗೂ ಅನುಮಾನ, ನಡುವೆ ನಿಂತ ನನ್ನ ಮೇಲೆ ಇಬ್ಬರಿಗೂ ಅನುಮಾನ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಕಾಣದವರು ಕಾಣದವರಿಗೆ ಕೊಡುವ ಈ ವ್ಯವಹಾರದಲ್ಲಿ ಯಾರು ಯಾರನ್ನು ಯಾಕೆ ನಂಬಬೇಕು ಎಂಬುದು ನನಗೂ ಪೂರ್ತಿ ತಿಳಿದಿಲ್ಲ.

ಆಟೋದಲ್ಲಿ ವಿಚಾರಣೆ

ಮುಡಬಿಗೆ ಹೋಗುವ ಶೇರ್ ಆಟೋದಲ್ಲಿ ಗುಟ್ಟು ಎನ್ನುವುದು ಉಳಿಯುವುದಿಲ್ಲ. ಎದುರಿನವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗಿರುತ್ತದೆ. ಮಾತಾಡದಿದ್ದರೆ ಜಗಳವಾಡಿದವರ ಹಾಗೆ ಕಾಣುತ್ತೇವೆ. ಒಮ್ಮೆ ನನ್ನೆದುರು ಮುಡಬಿಯ ಕಾಕಾ ಒಬ್ಬರು ಕೂತಿದ್ದರು. ಹಾಲಿನಷ್ಟು ಬಿಳಿಯ ಧೋತರ, ತಲೆಗೆ ರುಮಾಲು. ನಾನು ಯಾರು, ಎಲ್ಲಿಗೆ, ಯಾಕೆ ಎಂಬುದನ್ನೆಲ್ಲ ಆಟೋ ಹೊರಡುವ ಮೊದಲೇ ತಿಳಿದುಕೊಂಡರು.

“ಹಂಗಾದ್ರ ಆ ಆಡು ಯಾರ ರೊಕ್ಕದ್ದು, ಮೇಡಂ?”

“ಶಹರದಾಗಿನ ಮಂದಿ ಕೊಡ್ತಾರ್ರಿ ಕಾಕಾ.”

“ಅವ್ರು ನಮ್ಮನ್ನ ನೋಡ್ಯಾರೇನು?”

“ಇಲ್ರಿ.”

“ನಾವು ಅವ್ರನ್ನ?”

“ಇಲ್ರಿ.”

“ಬೀಗರೇನರ ಆಗಬೇಕೇನು?”

“ಅಲ್ರಿ.”

ಕಾಕಾ ಆಟೋದವರೆಲ್ಲರ ಕಡೆ ತಿರುಗಿದರು. “ನೋಡಿಲ್ಲ, ಮಾತಾಡಿಲ್ಲ, ಬೀಗರಲ್ಲ. ಸುಮ್ನ ಆಡು ಕೊಡ್ತಾರಂತ. ಇದರಾಗ ಏನೋ ಅದ.”

ಏನಿದೆ ಎಂಬುದರ ಮೇಲೆ ಆಟೋದಲ್ಲಿ ಚರ್ಚೆ ಸುರುವಾಯಿತು. ಕಾಯಿಪಲ್ಲೆ ಬುಟ್ಟಿಯ ಹೆಣ್ಣುಮಗಳು, ಕಡೆಗೆ ಹೊಲ ಬರೆಸಿಕೊಳ್ಳುತ್ತಾರೆ ಎಂದಳು. ಇನ್ನೊಬ್ಬರು ಎಲೆಕ್ಷನ್ ಎಂದರು. ಡ್ರೈವರ್ ಹಿಂದಕ್ಕೆ ತಿರುಗದೆಯೇ “ಕಿಡ್ನಿ ಇರಬೇಕು” ಎಂದ. ನಾನು ಆಧಾರ್ ಕಾರ್ಡಿಗಿಂತ ದೊಡ್ಡ ನನ್ನ ಗುರುತಿನ ಚೀಟಿ ತೋರಿಸಿದೆ. ಅದನ್ನು ನೋಡಿದ ಮೇಲಂತೂ ಅವರ ಅನುಮಾನ ಪಕ್ಕಾ ಆಯಿತು.

ಮುಡಬಿ ಬಂತು. ಎಲ್ಲರೂ ಇಳಿದು ಹೋದರು. ಕಾಕಾ ಮಾತ್ರ ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಹಿಂದೆ ಉಳಿದು, ಆಚೀಚೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು:

“ಮೋಸ ಇದ್ರೂ ಇರ್ಲಿ ಮೇಡಂ. ನನ್ನದೂ ಒಂದು ಹೆಸರು ಬರ್ಕೊಂಡುಬಿಡ್ರಿ.”

ಬಡವರ ಫೋಟೋ

ಆಡು ಕೊಟ್ಟ ಕೂಡಲೇ ಫೋಟೋ ತೆಗೆಯಬೇಕು. ಹಿಂದೆ ಸಂಸ್ಥೆಯ ಬ್ಯಾನರ್, ಮುಂದೆ ಆಡು, ಪಕ್ಕದಲ್ಲಿ ತಗೊಂಡವರು, ಮುಖದಲ್ಲಿ ನಗು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಹೆಡ್ ಆಫೀಸು ಫೋಟೋ ಪಾಸ್ ಮಾಡುವುದಿಲ್ಲ.

ಘಾಟಬೋರಾಳದಲ್ಲಿ ಒಬ್ಬ ಮುದುಕಿ ಇದ್ದಾಳೆ, ಊರಿಗೆಲ್ಲ ಆಯಿ. ಹುಟ್ಟಿದಾಗಿನಿಂದ ಆಡು ಕುರಿಗಳ ನಡುವೆಯೇ ಬೆಳೆದವಳು, ಈಗ ಸೊಸೆಯ ಜೊತೆ ಇರುತ್ತಾಳೆ. ಆಡು ಕೊಡುವ ದಿನ ಆಕೆ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟು, ದೊಡ್ಡ ಕುಂಕುಮವಿಟ್ಟು, ಪೊಲೀಸ್ ಪಾಟೀಲರ ಗತ್ತಿನಲ್ಲಿ ನಿಂತಳು. ಎಷ್ಟು ಹೇಳಿದರೂ ನಗಲಿಲ್ಲ. “ಆಡ ನೋಡಿ ನಗಾಕ ನನಗೇನು ಹುಚ್ಚು ಹಿಡದದೇನು?” ಎಂದಳು.

ಹೆಡ್ ಆಫೀಸಿನಿಂದ ಮರುದಿನವೇ ಫೋನು. ಫಲಾನುಭವಿ ಸಂತೋಷವಾಗಿಲ್ಲ, ಮೇಲಾಗಿ ಬಡವರಂತೆ ಕಾಣುತ್ತಿಲ್ಲ, ಇನ್ನೊಮ್ಮೆ ತೆಗೆಯಿರಿ.

ನಾನು ಮತ್ತೆ ಬ್ಯಾನರ್ ಸುತ್ತಿಕೊಂಡು ಬಸ್ ಹತ್ತಿದೆ. “ಆಯಿ, ಈ ಸೀರಿ ಬ್ಯಾಡಂತ. ಜರಾ ಹಳೇದು ಉಟ್ಕೋಬೇಕಂತ.”

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಫೋಟೋಕ್ಕ ಹರಕ ಸೀರಿ ಉಡಬೇಕಾ? ನಿಮ್ಮ ಸಾಹೇಬ್ರು ಮದುವಿ ಫೋಟೋದಾಗ ಲುಂಗಿ ಮ್ಯಾಲ ಕುಂತಾರೇನು?”

ನಾನು ಬ್ಯಾನರ್ ಬಿಚ್ಚತೊಡಗಿದೆ. ಕಡೆಗೆ ಆಯಿಯೇ ಪಾಪವೆಂದು ಹಳೆಯ ಸೀರೆಯುಟ್ಟು ಬಂದಳು. “ಇಷ್ಟೆಲ್ಲ ಯಾಕ ಬೇಕು, ಮೇಡಮ್ಮಾ?” ಎಂದು ಕೇಳಿದಳು.

“ಕೊಟ್ಟವ್ರು ದೂರ ಇರ್ತಾರ, ಆಯಿ. ಮುಟ್ಟಿತೋ ಇಲ್ಲೋ ಅವ್ರಿಗೆ ಗೊತ್ತಾಗಬೇಕಲ್ಲ?”

“ಅದು ಬರೋಬ್ಬರಿ ಅದ,” ಎಂದು ಆಯಿ ತಲೆಯಾಡಿಸಿದಳು. ಅಷ್ಟರಲ್ಲಿ ಆಡು ಬ್ಯಾನರಿನ ಮೂಲೆಯನ್ನು ಬಾಯಿಗೆ ಹಾಕಿಕೊಂಡು ಜಗ್ಗಿತು, ಆಯಿ ಬಿದ್ದು ಬಿದ್ದು ನಕ್ಕಳು, ನಾನು ಬಟನ್ ಒತ್ತಿದೆ. ಆ ಫೋಟೋ ಹೆಡ್ ಆಫೀಸಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ವರ್ಷದ ಕ್ಯಾಲೆಂಡರಿಗೇ ಹಾಕಿದರು. ಬ್ಯಾನರಿನಲ್ಲಿ ಸಂಸ್ಥೆಯ ಅರ್ಧ ಹೆಸರು ಆಡಿನ ಹೊಟ್ಟೆಯಲ್ಲಿದ್ದುದನ್ನು ಯಾರೂ ಗಮನಿಸಲಿಲ್ಲ.

ಕೈಯಾರೆ ಕೊಟ್ಟ ಕಂಬಳಿ

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸನ್ನು ನಾನು ಮೌಶಿ ಎನ್ನುತ್ತೇನೆ, ಚಿಕ್ಕಮ್ಮನ ಹಾಗೆ. ಅವರಿಗೆ ದೊಡ್ಡ ಸಂಸ್ಥೆಗಳೆಂದರೆ ಆಗದು. “ನಿಮ್ಮವ್ರು ಹತ್ತು ಕೈ ದಾಟಿಸಿ ಕೊಡ್ತಾರ, ಮಗಳ. ಒಂದೊಂದು ಕೈಗೆ ಒಂದಿಷ್ಟು ಅಂಟಕೋತದ. ನಾ ಹಂಗಲ್ಲ, ಕೈಯಾರ ಕೊಡಾಕಿ,” ಎನ್ನುವರು. ಮಾತು ಪೂರ್ತಿ ಸುಳ್ಳೂ ಅಲ್ಲ.

ಒಂದು ಚಳಿಗಾಲ ಮೌಶಿ ಹೊಸ ಕಂಬಳಿ ಕೊಂಡು, ಊರ ಹೊರಗೆ ಗುಡಿಸಲಿನಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ತಾವೇ ಹೊದಿಸಿ ಬಂದರು. ಮರುದಿನ ಅದು ಬೆಚ್ಚಗಿದೆಯೋ ಇಲ್ಲವೋ ನೋಡಲು ಹೋದರು. ಅದರ ಮರುದಿನ ನೆಲಕ್ಕೆ ಹಾಸಿದ್ದಾಳೋ ಮೈಗೆ ಹೊದ್ದಿದ್ದಾಳೋ ನೋಡಲು ಹೋದರು. ಆಮೇಲೆ ಬಿಸಿಲಿಗೆ ಒಣಹಾಕುವ ಕ್ರಮ ಹೇಳಿಕೊಡಲು ಹೋದರು. ಹೋದಾಗಲೆಲ್ಲ ಆಕೆ ಚಹಾ ಮಾಡಬೇಕು, ಮೌಶಿಯ ಮೊಣಕಾಲು ನೋವಿನ ಕಥೆ ಕೇಳಬೇಕು.

ವಾರದ ಸಂತೆಯಲ್ಲಿ ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ಕಂಕುಳಲ್ಲಿ ಮಡಚಿದ ಕಂಬಳಿ.

“ಇದನ್ನ ವಾಪಸ್ ಒಯ್ರಿ, ಮೇಡಂ. ಥಂಡಿ ನಾ ತಡಕೋತೀನಿ. ನಿಮ್ಮ ಮೌಶಿನ್ನ ತಡಕೊಳ್ಳಾಕ ಆಗವಲ್ತು.”

ಬದಲಾವಣೆ

ಆಡು ಕೊಟ್ಟು ಕೆಲವು ತಿಂಗಳಾದ ಮೇಲೆ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿಣಿ ಟ್ಯಾಬ್ ಹಿಡಿದು ಬಂದರು. ಘಾಟಬೋರಾಳದ ಆಯಿಯನ್ನು ಕೂರಿಸಿಕೊಂಡು, “ಆಡು ಬಂದ ಮೇಲೆ ನಿಮ್ಮ ಜೀವನದಲ್ಲಿ ಏನು ಬದಲಾವಣೆ ಆಗಿದೆ?” ಎಂದು ಕೇಳಿದರು.

“ಮೊದಲ ಮಧ್ಯಾಹ್ನ ಜರಾ ಮಲಗತಿದ್ದೆ. ಈಗ ಅದು ಬಿಡಂಗಿಲ್ಲ, ಬ್ಯಾ ಬ್ಯಾ ಅಂತದ.”

ಅವರು ‘ಸಮಯದ ಸದುಪಯೋಗ ಹೆಚ್ಚಿದೆ’ ಎಂದು ಬರೆದರು. ಸಂಸ್ಥೆಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಆಯಿ, ನಾನು ಹೋದಾಗಲೆಲ್ಲ ಕೇಳುತ್ತಿದ್ದುದನ್ನೇ ಕೇಳಿದಳು: “ಆಡ ಕೊಟ್ಟವ್ರು ಯಾವಾಗ ಬರ್ತಾರ?”

ಅವರು ‘ದಾನಿಗಳ ಬಗ್ಗೆ ಅಪಾರ ಕೃತಜ್ಞತೆ’ ಎಂದು ಬರೆದರು. ನಾನೂ ಹಾಗೆಯೇ ತಿಳಿದಿದ್ದೆ.

ಅವರ ಗಾಡಿ ಹೋದ ಮೇಲೆ ಆಯಿ ಕೇಳಿದಳು: “ಈಕಿಗೆ ಇದಕ್ಕ ಪಗಾರ ಕೊಡ್ತಾರೇನು?”

“ಹೌದು, ಆಯಿ.”

“ಆಗ್ಲಿ ಬಿಡು. ನನ್ನ ಆಡಿನ ಮ್ಯಾಲ ಆಕೀದೂ ಹೊಟ್ಟಿ ತುಂಬಲಿ.”

ಕೊಟ್ಟವರು ಬಂದರು

ಘಾಟಬೋರಾಳದ ಆಡುಗಳಿಗೆ ದಾನ ಕೊಟ್ಟವರು ಹೈದರಾಬಾದಿನ ಒಬ್ಬ ಹೆಂಗಸು. ಹುಟ್ಟಿದ್ದು ನಮ್ಮ ಕಡೆಯೇ, ಮದುವೆಯಾಗಿ ಅಲ್ಲಿಗೆ ಹೋದವರು. ಮುಂದೆ ಮುಡಬಿಗೂ ಕೊಡುತ್ತೇನೆ ಎಂದು ಒಪ್ಪಿದ್ದರು. ಅಷ್ಟರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ದಾನ ಎಲ್ಲೆಲ್ಲೋ ಹೋಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. “ಫೋಟೋ ಬ್ಯಾಡ. ನಾನೇ ಬಂದು ನೋಡ್ತೀನಿ. ಮನಸ್ಸಿಗೆ ಬಂದ್ರ ಮುಡಬಿಗೆ, ಇಲ್ಲಂದ್ರ ಇಲ್ಲಿಗೇ ಸಾಕು,” ಎಂದು ಫೋನು ಮಾಡಿದರು.

ಇತ್ತ ನಾನು ಮುಡಬಿಯ ಹೆಸರುಗಳ ಪಟ್ಟಿ ಬರೆದು ಮುಗಿಸಿದ್ದೆ. ಮುಡಬಿಯ ಕಾಕಾ ಆಗಲೇ ಮನೆಯ ಮಗ್ಗುಲಿಗೆ ಆಡಿಗೆಂದು ಹಂದರ ಹಾಕಿ, ಮೇವಿನ ಕಟ್ಟು ತೂಗುಹಾಕಿ, ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ದಿನಾ ಫೋನು: “ಆಡ ಬರ್ತದಲ್ಲ, ಮೇಡಂ? ಊರಾಗ ನನ್ನ ಮಾರಿ ನೋಡಿ ನಗಾಕತ್ತಾರ. ಖಾಲಿ ಹಂದರ ಕಾಯಾಕತ್ತೀನಿ ಅಂತಾರ.”

ಆ ಹೆಂಗಸು ಕಾರಿನಲ್ಲಿ ಹೆದ್ದಾರಿ ಹಿಡಿದು ಬಂದರು. ಘಾಟಬೋರಾಳಕ್ಕೆ ಕರೆದುಕೊಂಡು ಹೋದೆ. ಅಂಗಳದಲ್ಲಿ ಆಡು ಕಟ್ಟಿತ್ತು. ಕ್ಯಾಲೆಂಡರಿನ ಆಡೇ. ಅವರ ಮುಖ ಅರಳಿತು, ಮರುಕ್ಷಣ ಹುಬ್ಬು ಗಂಟಾಯಿತು.

“ಎರಡು ಮರಿ ಹಾಕ್ಯದ ಅಂತ ನೀವೇ ಬರದಿದ್ರಿ. ಇಲ್ಲಿ ಒಂದೇ ಅದಲ್ಲ?”

ನಾನು ಸುತ್ತ ನೋಡಿದೆ. ಇನ್ನೊಂದು ಮರಿ ಎಲ್ಲೂ ಇಲ್ಲ. ಹಿಂದಿನ ವಾರ ನಾನೇ ಕಣ್ಣಾರೆ ಕಂಡಿದ್ದೆ. ಮಾರಿಬಿಟ್ಟಳೇ? ಮಾರಿದರೂ ತಪ್ಪಿಲ್ಲ, ಅದು ಆಕೆಯದೇ. ಆದರೆ ಈ ಹೆಂಗಸಿಗೆ ಅದನ್ನು ಹೇಗೆ ಹೇಳಲಿ? ಕಾಕಾನ ಖಾಲಿ ಹಂದರ ಕಣ್ಣ ಮುಂದೆ ಬಂತು.

“ಆಯಿ, ಇನ್ನೊಂದು ಮರಿ ಎಲ್ಲಿ?” ಎಂದೆ.

“ಅದು ನಂದಲ್ಲ, ಒಳಗ ಅದ. ಇವ್ರ್ಯಾರು?”

“ಆಡ ಕೊಟ್ಟವ್ರು ಇವ್ರೇ.”

ಆಯಿ ಸೆರಗು ಸರಿಮಾಡಿಕೊಂಡು ಒಳಗೆ ಓಡಿದಳು. ಹೊರಗೆ ಬಂದಾಗ ಆಕೆಯ ತೋಳಿನಲ್ಲಿ ಮರಿ. ಮೈತೊಳೆದು ಫಳಫಳ ಎನ್ನುತ್ತಿತ್ತು, ಕೊರಳಲ್ಲಿ ಗೆಜ್ಜೆ, ಹಣೆಯಲ್ಲಿ ಕುಂಕುಮ. ಸೀದಾ ತಂದು ಆ ಹೆಂಗಸಿನ ಕೈಗೆ ಹಾಕಿದಳು.

“ತಗೋರಿ ತಾಯಿ, ನಿಮ್ಮ ಪಾಲು. ಎಷ್ಟು ದಿನದಿಂದ ಹಾದಿ ಕಾಯಾಕತ್ತೀನಿ!”

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಹಳ್ಳಿಗಳಲ್ಲಿ ಆಡನ್ನು ಪಾಲಿಗೆ ಬಿಡುವುದುಂಟು. ಒಬ್ಬರ ಆಡು, ಇನ್ನೊಬ್ಬರ ದುಡಿಮೆ. ಹುಟ್ಟಿದ ಮರಿಗಳಲ್ಲಿ ಸಾಕಿದವರಿಗೆ ಒಂದು, ಕೊಟ್ಟವರಿಗೆ ಒಂದು. ನಾವು ಬ್ಯಾನರ್ ಕಟ್ಟಿ ದಾನ ದಾನ ಎಂದು ಎಷ್ಟು ಭಾಷಣ ಮಾಡಿದ್ದರೂ ಘಾಟಬೋರಾಳದವರು ತಮಗೆ ಗೊತ್ತಿದ್ದ ಲೆಕ್ಕದಲ್ಲೇ ಆಡು ತಗೊಂಡಿದ್ದರು.

“ಆಯಿ, ಇದು ಪಾಲಿಂದಲ್ಲ. ಎಲ್ಲಾ ನಿಮಗೇ!” ಎಂದೆ.

“ಸುಮ್ನಿರು, ಮೇಡಮ್ಮಾ. ಆಡ ಯಾರರ ಫುಕಟ್ ಕೊಡ್ತಾರೇನು? ನಿನಗ ಇದರಾಗ ತಿಳಿಯಂಗಿಲ್ಲ.”

ಸುದ್ದಿ ಓಣಿಗೆ ಹಬ್ಬಿತು. ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಪಾಲಿನ ಮರಿ ಹಿಡಿದುಕೊಂಡು ಬಂದರು. ದಾನ ಮುಟ್ಟಿತೋ ಇಲ್ಲವೋ ನೋಡಲು ಬಂದ ಆ ಹೆಂಗಸು ಮರಿಗಳ ನಡುವೆ ಸಿಕ್ಕಿಬಿದ್ದು, ಕಣ್ಣಲ್ಲಿ ನೀರು ತಂದುಕೊಂಡರು. ಬೇಡ ಎಂದು ನೋಡಿದರು. “ನಮ್ಮ ಮ್ಯಾಲ ಭರೋಸಾ ಇಲ್ಲೇನ್ರಿ?” ಎಂದು ಆಯಿಯ ಮುಖ ಚಿಕ್ಕದಾಯಿತು.

ಕಡೆಗೆ ಅವರು ಒಂದು ದಾರಿ ಕಂಡರು. “ನನ್ನ ಪಾಲು ನಾ ತಗೊಂಡೀನಿ, ಆಯಿ. ಈಗ ಇವನ್ನ ಮುಡಬಿಯವ್ರಿಗೆ ಕೊಡ್ತೀನಿ, ಅದರ ಕೂಡ ನಂದೂ ಒಂದಿಷ್ಟು ಹೊಸಾ ಆಡು ಕಳಸ್ತೀನಿ. ಈ ಮೇಡಂ ಒಯ್ದು ಮುಟ್ಟಸ್ತಾರ.”

ಆಯಿ ಮರಿಯನ್ನು ಮತ್ತೆ ತನ್ನ ತೋಳಿಗೆ ಎಳೆದುಕೊಂಡಳು.

“ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇವ್ರ ಕೈಯಾಗ ಕೊಡಬ್ಯಾಡ್ರಿ. ದೊಡ್ಡ ಆಫೀಸಿನವ್ರು. ಮುಟ್ಟಿತೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು? ನಾನೇ ಬರ್ತೀನಿ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಒಂದೇ ನೋಟ, ಒಂದೇ ಅನುಮಾನ.

ಆಯಿ ಕಾರಿನ ಮುಂದಿನ ಸೀಟಿನಲ್ಲಿ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಉಳಿದ ಮರಿಗಳ ಜೊತೆ ನಾನು ಹಿಂದೆ ಬಾಡಿಗೆ ಟೆಂಪೋದಲ್ಲಿ. ಮುಡಬಿಯಲ್ಲಿ ಕಾಕಾ ಅದೇ ಹಾಲಿನಷ್ಟು ಬಿಳಿಯ ಧೋತರ ಉಟ್ಟು, ಹೊಸ ರುಮಾಲು ಸುತ್ತಿ ಹಂದರದ ಮುಂದೆ ನಿಂತಿದ್ದರು. ಕಾರಿನಿಂದ ಇಳಿದ ಇಬ್ಬರನ್ನೂ ನೋಡಿ ನನ್ನ ಕಿವಿಯಲ್ಲಿ, “ಕೊಡವ್ರು ಯಾರು, ಮೇಡಂ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಯಿ, “ನಾನು,” ಎಂದಳು.

ಕಾಕಾ ಆಕೆಯ ಹಳೆಯ ಸೀರೆ, ಸವೆದ ಚಪ್ಪಲಿ ನೋಡಿದರು. ನನ್ನನ್ನು ಆಟೋದಲ್ಲಿ ಕೇಳಿದ್ದನ್ನೇ ಈಗ ಆಕೆಯನ್ನು ಕೇಳಿದರು: “ನೀ ನನ್ನ ನೋಡಿಲ್ಲ, ಬೀಗಿತಿ ಅಲ್ಲ. ಮತ್ತ ಯಾಕ ಕೊಡಾಕತ್ತೀ, ತಂಗಿ?”

ಆಯಿ ನನ್ನ ಚೀಲದಿಂದ ಬ್ಯಾನರ್ ಎಳೆದು ಹಂದರಕ್ಕೆ ಕಟ್ಟಿಸಿದಳು, ಮರಿಯನ್ನು ಅದರ ಮುಂದೆ ನಿಲ್ಲಿಸಿದಳು, ಎರಡು ಹೆಜ್ಜೆ ಹಿಂದೆ ಸರಿದು ಕಾಕಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅದೆಲ್ಲ ಆಮ್ಯಾಲ ಹೇಳ್ತೀನಿ, ಅಣ್ಣಾ. ಮೊದಲ ಒಳಗ ಹೋಗಿ ಜರಾ ಹರಕ ಧೋತರ ಉಟ್ಕೊಂಡು ಬರ್ರಿ. ಇಷ್ಟು ಬಿಳೀ ಇದ್ರ ಆಫೀಸಿನವ್ರು ಪಾಸ್ ಮಾಡಂಗಿಲ್ಲ.”