ಗಾಳ ಕಟ್ಟಿಕೊಟ್ಟವರು

ತಪ್ಪೆಲ್ಲ ಆ ಮರದ ಮೀನಿನ ಹಿಂದಿನ ಗಾಳದ್ದು. ಅದು ಅರ್ಧ ಬೆರಳಷ್ಟು ಗಿಡ್ಡವಾಗಿದ್ದಿದ್ದರೆ ಎಲ್ಡನ್ ಪ್ರೊಶ್ಕಾ ಆ ಬೆಳಿಗ್ಗೆ ಯಾರ ಕಣ್ಣಿಗೂ ಬೀಳದೆ ಸರೋವರಕ್ಕೆ ಇಳಿದುಬಿಡುತ್ತಿದ್ದ.

ಚಳಿಗಾಲವಿಡೀ ಕೂತು ಅವನು ದೇವದಾರು ಮರದಲ್ಲಿ ಒಂದು ಮೀನು ಕೆತ್ತಿದ್ದ. ಗೇಣುದ್ದ, ಕಪ್ಪು ಬಣ್ಣ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಗಾಳ. ನೀರಿನ ಮೇಲೆ ಎಳೆದರೆ ಬಾಲದ ತಗಡಿನ ರೆಕ್ಕೆ ಗಿರ್ರನೆ ತಿರುಗಿ 'ಪ್ಲಬ್ ಪ್ಲಬ್' ಎನ್ನಬೇಕು, ಆ ಸದ್ದಿಗೆ ಕೆಳಗೆ ಮಲಗಿದ ಮಸ್ಕಿ ಮೀನಿಗೆ ಸಿಟ್ಟು ನೆತ್ತಿಗೇರಿ ಅದು ಮೇಲೆ ನುಗ್ಗಬೇಕು. ಮಸ್ಕಿ ಹಸಿವಿಗೆ ಕಚ್ಚುವುದಕ್ಕಿಂತ ಜಂಬಕ್ಕೆ ಕಚ್ಚುವುದೇ ಹೆಚ್ಚು. ಅಮೆರಿಕದ ವಿಸ್ಕಾನ್ಸಿನ್‌ನ ಉತ್ತರದ ಆ ದಂಡೆಯಲ್ಲಿ ಮಸ್ಕಿ ಹಿಡಿದವನು ಗಂಡಸು, ಹಿಡಿಯದವನು ಎಲ್ಡನ್. ಇಪ್ಪತ್ತೆರಡು ಬೇಸಿಗೆ ಗಾಳ ಎಸೆದರೂ ಒಂದೇ ಒಂದು ಮಸ್ಕಿ ಅವನ ದೋಣಿಯ ಅಂಚು ಮುಟ್ಟಿರಲಿಲ್ಲ.

ಈ ಸಲ ಹೆಂಡತಿ ಆರ್ಲಿಸ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದಳು. "ಲೇಬರ್ ಡೇ ಸಂಜೆ ಒಳಗೆ ಒಂದು ಮಸ್ಕಿ ನಿನ್ನ ಬಲೆಗೆ ಬಂತಾ, ದೋಣಿ ಇರುತ್ತೆ. ಬರ್ಲಿಲ್ವಾ, ಮಾರನೇ ಬೆಳಿಗ್ಗೆ ವೆಂಡೆಲ್ ತಗೊಂಡು ಹೋಗ್ತಾನೆ. ನಾನು ಮಾತು ಕೊಟ್ಟಾಗಿದೆ."

ಪಕ್ಕದ ಮನೆಯ ವೆಂಡೆಲ್ ಅಂದಿನಿಂದ ದಿನಾ ಬಂದು ದೋಣಿಯ ಬೆನ್ನು ಸವರಿ ಹೋಗುತ್ತಿದ್ದ. ಎಲ್ಡನ್‌ಗೆ ಹೊಟ್ಟೆ ಉರಿಯುತ್ತಿತ್ತು. ಕಾಗದದ ಕಾರ್ಖಾನೆ ಅವನನ್ನು ಮನೆಗೆ ಕಳಿಸಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಟಿವಿ ಆರ್ಲಿಸಳದು, ಗ್ಯಾರೇಜು ಅವಳು ಬಣ್ಣ ಹೊಡೆಯುವ ಹಳೆ ಕುರ್ಚಿಗಳದು. ತನ್ನದು ಎಂದು ಕೂರಲು ಅವನಿಗೆ ಉಳಿದಿದ್ದದ್ದು ಆ ದೋಣಿಯ ಹಿಂದಿನ ಸೀಟು ಒಂದೇ.

ಸೆಪ್ಟೆಂಬರ್ ಮೊದಲ ಸೋಮವಾರ, ಲೇಬರ್ ಡೇ ರಜೆಯ ಬೆಳಿಗ್ಗೆ, ನೀರಿನ ತೊಟ್ಟಿಯಲ್ಲಿ ಮರದ ಮೀನನ್ನು ಎಳೆದು ನೋಡಿದ. ಸದ್ದೇ ಇಲ್ಲ. ಹಿಂದಿನ ಗಾಳ ಬಾಲದ ರೆಕ್ಕೆಗೆ ಸಿಕ್ಕಿಕೊಂಡು ರೆಕ್ಕೆ ಅಲ್ಲಾಡದಂತೆ ಹಿಡಿದಿತ್ತು. ಇಕ್ಕಳ ತಂದು ಮನೆ ಮುಂದಿನ ಮೆಟ್ಟಿಲ ಮೇಲೆ ಕೂತ. ಆ ರಸ್ತೆಯಲ್ಲಿ ಇಕ್ಕಳ ಹಿಡಿದು ಹೊರಗೆ ಕೂರುವುದೆಂದರೆ ಊರಿಗೇ ಊಟಕ್ಕೆ ಕರೆ ಕೊಟ್ಟಂತೆ.

ಮೊದಲು ಬಂದವನು ವೆಂಡೆಲ್. "ಸಣ್ಣ ಗಾಳ ಹಾಕಿದ್ದೀಯಲ್ಲೋ! ಅದಕ್ಕೇ ಕುಣಿದು ರೆಕ್ಕೆಗೆ ತಗಲ್ತಾ ಇದೆ. ದಪ್ಪದ್ದು ಹಾಕು, ಭಾರಕ್ಕೆ ನೆಟ್ಟಗೆ ಜೋತಾಡುತ್ತೆ."

"ನನ್ನ ಹತ್ತಿರ ದಪ್ಪದ್ದಿಲ್ಲ."

"ನನ್ನ ಹತ್ತಿರ ಇದೆ. ನಾಳೆಯಿಂದ ಹೇಗೂ ದೋಣಿ ನಂದೇ ತಾನೆ, ಗಾಳ ಯಾರದಾದ್ರೇನು?"

ವೆಂಡೆಲ್‌ನ ಗಾಳ ಹಾಕಿ ತೊಟ್ಟಿಗೆ ಬಿಟ್ಟರೆ ಮೀನು ಬಾಲ ಮುಳುಗಿಸಿಕೊಂಡು ಮೂತಿ ಆಕಾಶಕ್ಕೆತ್ತಿ ನಿಂತಿತು. ಅಷ್ಟರಲ್ಲಿ ಗಾಳದಂಗಡಿಯ ಮೇವಿಸ್ ರಜೆಯ ಊಟಕ್ಕೆಂದು ಆಲೂಗಡ್ಡೆ ಸಲಾಡಿನ ಬೋಗುಣಿ ಹೊತ್ತು ಬಂದಳು. ಅವಳ ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಗಾಳ ಇರುತ್ತಿತ್ತು.

"ಅಯ್ಯೋ, ಹಿಂದೆ ಭಾರ ಆದ್ರೆ ಮುಂದೂ ಭಾರ ಹಾಕ್ಬೇಕಪ್ಪ! ತಕ್ಕಡಿ ನೋಡಿಲ್ವಾ ನೀನು?" ಎಂದು ಬೋಗುಣಿ ಕೆಳಗಿಟ್ಟು ತಾನೇ ಹೊಟ್ಟೆಯ ಗಾಳ ಬಿಚ್ಚಿ, ಹೆಬ್ಬೆರಳು ಗಾತ್ರದ್ದನ್ನು ಉಂಗುರಕ್ಕೆ ಪೋಣಿಸಿದಳು. ಈಗ ಮೀನು ಸಮವಾಗಿಯೇ ಇತ್ತು, ಸಮವಾಗಿ ಮುಳುಗುತ್ತಿತ್ತು. ಸಾಲದ್ದಕ್ಕೆ ಮುಂದಿನ ಗಾಳ ಹಿಂದಿನದನ್ನು ಹೋಗಿ ಅಪ್ಪಿಕೊಂಡಿತು.

"ಇದು ನೀರಿನ ಮೇಲಿನ ಮೀನು ಮೇವಿಸ್, ತಳದ್ದಲ್ಲ," ಎಂದ ಎಲ್ಡನ್.

"ಹಾಗಾದ್ರೆ ನಿನ್ನ ಮರಾನೇ ಸರಿಯಿಲ್ಲ ಬಿಡು."

ಮೂರನೆಯವನು ಡ್ವೇನ್, ಆರ್ಲಿಸಳ ತಮ್ಮ, ಆ ಸರೋವರಗಳ ಮೀನಿನ ಕಾನೂನು ಕಾಯುವ ಸರ್ಕಾರಿ ವಾರ್ಡನ್. ಸ್ವಂತ ತಾಯಿಯ ಹತ್ತಿರ ಮಿತಿಗಿಂತ ಒಂದು ಸಣ್ಣ ಮೀನು ಹೆಚ್ಚಿಗೆ ಸಿಕ್ಕಿತೆಂದು ಅವಳಿಗೇ ದಂಡ ಹಾಕಿ, ಅವಳು ಹುರಿದ ಮೀನನ್ನು ಉಂಡು ಎದ್ದವನು. ಮರದ ಮೀನನ್ನು ಕೈಗೆತ್ತಿಕೊಂಡು ವೈದ್ಯರ ಹಾಗೆ ತಿರುಗಿಸಿ ನೋಡಿದ.

"ಗಾಳದ್ದಲ್ಲ ಭಾವ ತೊಂದರೆ. ಗಾಳ ನೇತುಹಾಕೋ ತಿರುಪಿನ ಕೊಂಡಿ ಬಾಲಕ್ಕೆ ತೀರಾ ಹತ್ತಿರ ಇದೆ. ಕಿತ್ತು ಮುಂದೆ ಹಾಕಿ."

ಮಾತಿನಲ್ಲಿ ಹುರುಳಿತ್ತು. ಎಲ್ಡನ್ ಕೊಂಡಿ ಕಿತ್ತು, ಮುಂದೆ ಹೊಸ ತೂತು ಕೊರೆದು ತಿರುಗಿಸಿ ಕೂರಿಸಿದ. ಗಾಳವನ್ನೂ ಹಾಕಿದ. ಅಂಟು ಹಾಕಿ ಒಂದು ರಾತ್ರಿ ಒಣಗಿಸಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಅವನ ಹತ್ತಿರ ರಾತ್ರಿ ಇರಲಿಲ್ಲ.

"ಗಟ್ಟಿಯಾಗಿದೆಯಾ? ಹಿಡ್ಕೊಳಿ, ಎಳೆದು ನೋಡ್ತೀನಿ," ಎಂದ ಡ್ವೇನ್.

"ಬೇಡ ಡ್ವೇನ್..."

"ಮಸ್ಕಿ ನಿಮ್ಮನ್ನ ಕೇಳಿ ಎಳೆಯುತ್ತಾ ಭಾವ?"

ಡ್ವೇನ್ ಹಿಂದಿನ ಗಾಳವನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದ. ಗಾಳ ಇಕ್ಕಳದಿಂದ ಜಾರಿ ಚಿಮ್ಮಿ ಬಂದು ಎಲ್ಡನ್‌ನ ಬಲ ಹೆಬ್ಬೆರಳ ಬುಡಕ್ಕೆ ಬುಡಮಟ್ಟ ಇಳಿಯಿತು. ಎಲ್ಡನ್ ಕೂಗಿಕೊಂಡು ಕೈ ಒದರಿದಾಗ ಮೇವಿಸ್ ಹಾಕಿದ ಮುಂದಿನ ಗಾಳ, ಅತ್ತ ತಿರುಗಿ ಸಲಾಡಿನ ಬೋಗುಣಿಯನ್ನು ಬಗ್ಗಿ ನೋಡುತ್ತಿದ್ದ ವೆಂಡೆಲ್‌ನ ಪ್ಯಾಂಟಿನ ಹಿಂಭಾಗಕ್ಕೆ ಕಚ್ಚಿಕೊಂಡಿತು.

"ಕೊಂಡಿ ಮಾತ್ರ ಗಟ್ಟಿಯಾಗಿದೆ," ಎಂದ ಡ್ವೇನ್.

ಸೆರಗು ಗಂಟು ಹಾಕಿದ ಮದುಮಕ್ಕಳ ಹಾಗೆ ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಡ್ವೇನ್‌ನ ಗಾಡಿ ಹತ್ತಿದರು. ಪ್ಯಾಂಟು ಕತ್ತರಿಸೋಣ ಎಂದರೆ ವೆಂಡೆಲ್ ಒಪ್ಪಲಿಲ್ಲ, ಅದು ಹೊಸದಂತೆ. ಡ್ವೇನ್ ವೇಗದ ಮಿತಿಯನ್ನು ಒಂದು ಕೂದಲೂ ಮೀರದೆ ಆಸ್ಪತ್ರೆಗೆ ಓಡಿಸಿದ. ಪ್ರತಿ ತಿರುವಿನಲ್ಲೂ ವೆಂಡೆಲ್ ಒಂದು ಕಡೆಗೆ ವಾಲುತ್ತಿದ್ದ, ಎಲ್ಡನ್‌ನ ಪ್ರಾಣ ಇನ್ನೊಂದು ಕಡೆಗೆ ಹೋಗುತ್ತಿತ್ತು.

"ಅಂತೂ ನಿನ್ನ ಗಾಳಕ್ಕೆ ಒಂದು ಬಿತ್ತಲ್ಲೋ ಎಲ್ಡನ್! ಅಳತೆ ತಗೊಂಡುಬಿಡು!" ಎಂದು ವೆಂಡೆಲ್ ದಾರಿಯುದ್ದಕ್ಕೂ ನಕ್ಕ.

ಆಸ್ಪತ್ರೆಯ ದಾದಿಗೆ ಇದೇನೂ ಹೊಸತಲ್ಲ. ಗಾಳ ಬಂದ ದಾರಿಯಲ್ಲಿ ಹಿಂದೆ ಹೋಗುವ ಜಾತಿಯಲ್ಲ, ಅದನ್ನು ಮುಂದಕ್ಕೇ ತಳ್ಳಿ, ಮೊನೆ ಹೊರಬಂದ ಮೇಲೆ ಕತ್ತರಿಸಬೇಕು. ಅವಳು ತಳ್ಳಿದಳು, ಎಲ್ಡನ್ ಅತ್ತ, ಅವಳು ಕತ್ತರಿಸಿದಳು. ಅದೇ ಕೈಯಲ್ಲಿ ವೆಂಡೆಲ್‌ನ ಗಾಳವನ್ನೂ ಕತ್ತರಿಸಿ, ಎರಡೂ ಗಾಳಗಳ ಚೂರುಗಳನ್ನು ಬಾಗಿಲ ಬಳಿಯ ಹಲಗೆಗೆ ಚುಚ್ಚಿದಳು. ಊರವರ ಮೈಯಿಂದ ತೆಗೆದ ಗಾಳಗಳೆಲ್ಲ ಅಲ್ಲಿ ಹೆಸರಿನ ಸಮೇತ ನೇತಾಡುತ್ತಿದ್ದವು. ಬೋಳು ಮರದ ಮೀನನ್ನು ಎಲ್ಡನ್‌ನ ಜೇಬಿಗೆ ಹಾಕಿ ಕಳಿಸಿದಳು.

ಮನೆಗೆ ಬಂದರೆ ಆರ್ಲಿಸ್ ಬ್ಯಾಂಡೇಜು ನೋಡಿದವಳೇ ಗಾಳದ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದಳು. "ಇನ್ನು ಗಾಳ ಮುಟ್ಟಿದ್ರೆ ಇನ್ನೊಂದು ಕೈಗೂ ನಾನೇ ಬ್ಯಾಂಡೇಜು ಹಾಕಿಸ್ತೀನಿ. ಸಾಕು ಎಲ್ಡನ್. ಸಾಕಾಯ್ತು ನಂಗೆ."

ಅವನಿಗೂ ಸಾಕಾಗಿತ್ತು. ದಂಡೆಯ ಮೇಲೆ ರಸ್ತೆಯ ಜನವೆಲ್ಲ ಸೇರಿ ಸಾಸೇಜು ಸುಡುತ್ತಿದ್ದರು, ಅವನ ಹೆಬ್ಬೆರಳ ಕತೆ ಹೇಳಿ ನಗುತ್ತಿದ್ದರು. ಹೊತ್ತು ಮುಳುಗುತ್ತಿತ್ತು. ದೋಣಿಗೆ ಕೊನೆಯದಾಗಿ ಒಂದು ಮಾತು ಹೇಳಿ ಬರೋಣ ಎಂದು ಎಲ್ಡನ್ ಒಬ್ಬನೇ ಹತ್ತಿ, ಕಾಲಿನಿಂದ ನಡೆಸುವ ಸಣ್ಣ ಮೋಟಾರು ಒತ್ತಿ ಜೊಂಡಿನ ಅಂಚಿಗೆ ಹೋದ. ಜೇಬಿನಲ್ಲಿದ್ದ ಬೋಳು ಮೀನನ್ನು ದೋಣಿಯಲ್ಲೇ ಇದ್ದ ಕೋಲಿನ ದಾರಕ್ಕೆ ಕಟ್ಟಿ, ಎಡಗೈಯಲ್ಲಿ ಎಸೆದ. ಹಿಡಿಯುವುದಕ್ಕಲ್ಲ. ಚಳಿಗಾಲವಿಡೀ ಕೆತ್ತಿದ್ದರ ಸದ್ದನ್ನು ಒಂದು ಸಲವಾದರೂ ಕೇಳಬೇಕಿತ್ತು.

ಪ್ಲಬ್ ಪ್ಲಬ್, ಪ್ಲಬ್ ಪ್ಲಬ್. ಗಾಳದ ಹಂಗಿಲ್ಲದ ಬಾಲ ಅದ್ಭುತವಾಗಿ ತಿರುಗುತ್ತಿತ್ತು. ಎಲ್ಡನ್‌ನ ಕಣ್ಣು ಒದ್ದೆಯಾಯಿತು.

ಆಗ ನೀರು ಸಿಡಿಯಿತು. ಮೊಸಳೆಯಂಥ ಬಾಯೊಂದು ಮರದ ಮೀನನ್ನು ಅಡ್ಡಲಾಗಿ ಕಚ್ಚಿ ಕೆಳಗೆ ಎಳೆಯಿತು. ದಂಡೆಯ ಮೇಲೆ ಯಾರೋ "ಎಲ್ಡನ್‌ಗೆ ಮಸ್ಕಿ!" ಎಂದು ಕಿರುಚಿದರು. ಗಾಳವೇ ಇಲ್ಲ ಎಂಬುದು ಎಲ್ಡನ್‌ಗೆ ಮಾತ್ರ ಗೊತ್ತು. ಮೀನು ಬಾಯಿ ತೆರೆದರೆ ಮುಗಿಯಿತು. ಆದರೆ ಮಸ್ಕಿಯ ಜಂಬವೇ ಜಂಬ, ಕಚ್ಚಿದ್ದನ್ನು ಬಿಟ್ಟರೆ ಮಾನ ಹೋಗುತ್ತದೆಂಬಂತೆ ಹಲ್ಲು ಬಿಗಿಹಿಡಿದೇ ಇತ್ತು. "ಬಿಡ್ಬೇಡ ಕಂದ, ಬಿಡ್ಬೇಡ," ಎಂದು ಬೇಡಿಕೊಳ್ಳುತ್ತ, ಕೋಲನ್ನು ತೊಡೆಸಂದಿಯಲ್ಲಿ ಒತ್ತಿ, ಎಡಗೈಯಲ್ಲಿ ದಾರ ಸುತ್ತಿ ಅದನ್ನು ಹತ್ತಿರಕ್ಕೆ ತಂದು, ಅದೇ ಕೈಯಲ್ಲಿ ಹಿಡಿಕೆಯ ಬಲೆಯನ್ನು ಮೀನಿನ ಕೆಳಗೆ ತೂರಿಸಿ ಎತ್ತಿದ. ಎಳೆಮಗುವಿನಷ್ಟಲ್ಲ, ಶಾಲೆಗೆ ಹೋಗುವ ಮಗುವಿನಷ್ಟು ಉದ್ದದ ಮಸ್ಕಿ!

ದೋಣಿ ಕಟ್ಟೆಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಲಿಸ್ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ, ಮದುವೆಯ ಹೊಸತರಲ್ಲಿ ಮಾತಾಡುತ್ತಿದ್ದ ದನಿಯಲ್ಲಿ, "ಆಯ್ತು ಎಲ್ಡನ್. ದೋಣಿ ಇರ್ಲಿ," ಎಂದಳು. ವೆಂಡೆಲ್‌ನ ಮುಖ ಇಂಗು ತಿಂದ ಮಂಗನಂತಾಯಿತು.

ಅಳತೆ ತೆಗೆಯಲು ಡ್ವೇನ್ ಬಗ್ಗಿದ. ಮೀನು ಆಗ ಬಾಯಿ ಬಿಟ್ಟಿತು. ಬೋಳು ಮರ ಬಲೆಯೊಳಗೆ ಉರುಳಿತು.

ಡ್ವೇನ್ ಅದನ್ನು ಎತ್ತಿ ತಿರುಗಿಸಿ ನೋಡಿದ. ಮೀನಿನ ಬಾಯೊಳಗೂ ನೋಡಿದ. "ಭಾವ, ಗಾಳ ಎಲ್ಲಿ?"

"ಆಸ್ಪತ್ರೇಲಿದೆ. ನೀನೇ ಕರ್ಕೊಂಡು ಹೋಗಿದ್ದಲ್ವೇನೋ!"

"ಅಂದ್ರೆ ಇದನ್ನ ನೀವು ಬಲೆ ಹಾಕಿ ಹಿಡಿದಿದ್ದು."

"ಅದೇ ಕಚ್ಕೊಂಡು ಬಂತು ಕಣೋ!"

"ಬಲೆ ಇರೋದು ಗಾಳಕ್ಕೆ ಬಿದ್ದ ಮೀನನ್ನ ಎತ್ತೋಕೆ. ಗಾಳಕ್ಕೆ ಬೀಳದ ಮಸ್ಕೀನ ಬಲೇಲಿ ಹಿಡಿದ್ರೆ ಅದು ಕಳ್ಳಬೇಟೆ." ಡ್ವೇನ್ ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟ. ಅದು ಬಾಲ ಬೀಸಿ ಎಲ್ಡನ್‌ನ ಮುಖಕ್ಕೆ ನೀರು ಎರಚಿ ಹೋಯಿತು. "ಬೇಜಾರು ಮಾಡ್ಕೋಬೇಡಿ ಭಾವ. ಇಷ್ಟು ಜನ ನೋಡಿದ್ದಾರೆ. ಕಳ್ಳಬೇಟೆಗೆ ಬಳಸಿದ ಸಾಮಾನು ಜಪ್ತಿ ಮಾಡ್ಲೇಬೇಕು. ಬಲೆ, ಕೋಲು, ದೋಣಿ."

"ದೋಣೀನಾ?" ಎಂದಳು ಆರ್ಲಿಸ್.

"ದಂಡೆ ಮೇಲೆ ನಿಂತು ಹಿಡಿದಿದ್ರೆ ದೋಣಿ ಉಳೀತಿತ್ತು ಅಕ್ಕ."

ಎಲ್ಡನ್ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಹಾಗೇ ಕೂತಿದ್ದ, ಡ್ವೇನ್ ತೋಳು ಹಿಡಿದು ಇಳಿಸಬೇಕಾಯಿತು. ಆರ್ಲಿಸ್ ಗಂಡನ ಬ್ಯಾಂಡೇಜಿನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಸಾಸೇಜು ಸೀಯುತ್ತಿತ್ತು.

ಗುಂಪಿನ ಹಿಂದಿನಿಂದ ವೆಂಡೆಲ್ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

"ಡ್ವೇನ್, ಜಪ್ತಿ ಮಾಡಿದ್ದನ್ನೆಲ್ಲ ನೀವು ಹರಾಜು ಹಾಕೋದು ಯಾವ ತಿಂಗಳಲ್ಲಿ?"