ಬೂದಿಬಂಗ್ಲೆಗೆ ಸುಣ್ಣ

ಬೆಳಿಗ್ಗೆ ಡೈರಿಗೆ ಹಾಲು ಹಾಕುವಾಗ ನರೇಶ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಖುಷಿ ತಡೆಯಲಾರದೆ ಪಕ್ಕದ ಮನೆಯ ಆಂಜಿನಮ್ಮನ ಕಿವಿಗೆ ಹಾಕಿಬಿಟ್ಟ.

"ಅತ್ತೇ, ಇವತ್ತು ಸಾಯಂಕಾಲ ಸಾಹೇಬ್ರು ಬಂಗ್ಲೆ ನೋಡಕ್ಕೆ ಬರ್ತಾರೆ. ಮೆಚ್ಕೊಂಡ್ರೆ ನನ್ ಕೆಲ್ಸ ಪರ್ಮನೆಂಟು!"

ಬಂಗ್ಲೆ ಎಂದರೆ ವೇಮಗಲ್ ಕಡೆ ಏಳುತ್ತಿದ್ದ ಸಿನಿಮಾ ಪಾರ್ಕಿನ ಬಂಗ್ಲೆ. 'ಬೂದಿಬಂಗ್ಲೆ' ಎಂಬ ದೆವ್ವದ ಸಿನಿಮಾ ಮೂರು ಭಾಗ ಬಂದು ಮೂರೂ ಓಡಿದ್ದವು. ಅದರಲ್ಲಿದ್ದಂಥದೇ ಪಾಳುಬಂಗ್ಲೆ ಕಟ್ಟಿದರೆ ಜನ ಟಿಕೆಟ್ ಕೊಂಡು ಹೆದರಿಕೊಂಡು ಹೋಗುತ್ತಾರೆ ಎಂದು ಕಂಪನಿಯ ಲೆಕ್ಕಾಚಾರ. ಹೊಸ ಗೋಡೆಗೆ ಬಿರುಕು ಕೊರೆಯಲು, ಪಾಚಿ ಬಣ್ಣ ಬಳಿಯಲು, ಜೇಡರಬಲೆ ಇಳಿಬಿಡಲು ಮುಂಬೈಯಿಂದ ಕಲಾವಿದರು ಬಂದು ಹೋಗಿದ್ದರು. ಆ ಕೊಳಕನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದೇ ಸೂಪರ್‌ವೈಸರ್ ನರೇಶನ ಕೆಲಸ.

ಸಾಹೇಬರಿಗೆ ಹಾರ ತರಲೆಂದು ಅವನು ಕೋಲಾರದ ಬಸ್ಸು ಹತ್ತಿದ. ಇತ್ತ, ಬಂಗ್ಲೆಯನ್ನು ದೂರದಿಂದ ನೋಡಿದ್ದಳೇ ಹೊರತು ಸಿನಿಮಾದ ಸಂಗತಿ ತಿಳಿಯದ ಆಂಜಿನಮ್ಮನ ಕರುಳು ಚುರುಕ್ ಎಂದಿತು. ಪಾಪದ ಹುಡುಗ, ಹಾಳುಸುರಿಯುವ ಮನೆ ತೋರಿಸಿ ಬೈಸಿಕೊಳ್ಳುತ್ತಾನಲ್ಲ! ಕೇರಿಯ ಹೆಂಗಸರನ್ನೂ ಗಾರೆ ಕೆಲಸದ ಸೊಣ್ಣಪ್ಪನನ್ನೂ ಟೆಂಪೋ ಹತ್ತಿಸಿಕೊಂಡು ಹೊರಟಳು. ಪಾರ್ಕಿನ ಗೇಟು ಕಾಯುವವನು ಅವಳ ಸ್ವಂತ ಅಳಿಯ. ಅತ್ತೆಗೆ ಬೀಗ ತೆಗೆಯದಿದ್ದರೆ ಅವನಿಗೆ ರಾತ್ರಿ ಊಟ ಹಾಕುವವರು ಯಾರು?

ಮಧ್ಯಾಹ್ನ ನರೇಶ ಬಂದು ನೋಡಿದರೆ, ಬಂಗ್ಲೆ ಎಣ್ಣೆನೀರು ಹಾಕಿಸಿಕೊಂಡ ಮಗುವಿನ ಹಾಗೆ ಲಕಲಕ ಎನ್ನುತ್ತಿತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ರಂಗೋಲಿ. ದೆವ್ವ ತೂಗುವ ಉಯ್ಯಾಲೆಗೂ ಎಣ್ಣೆ ಬಿಟ್ಟು ಕಿರುಗುಡುವುದನ್ನು ನಿಲ್ಲಿಸಿದ್ದರು.

"ಯಾರ್ ನಾಯನಾ ಈ ಮನೆ ಕಟ್ಟಿದ್ದು?" ಸೊಣ್ಣಪ್ಪ ಕರಣೆ ಝಾಡಿಸಿದ. "ಎಲ್ಲಿ ನೋಡಿದ್ರೂ ಬಿರುಕು! ಎಲ್ಲಾ ಸಿಮೆಂಟ್ ಮೆತ್ತಿದೀನಿ."

"ಆ ಜೇಡಗಳು ಎಂಥಾ ಗಟ್ಟಿ ಪಿಂಡ ಕಣೋ! ಎಷ್ಟ್ ಬಡಿದ್ರೂ ಸಾಯ್ಲಿಲ್ಲ" ಎಂದಳು ಆಂಜಿನಮ್ಮ. "ಬೆಂಕಿಗೆ ಹಾಕ್ದೆ. ರಬ್ಬರ್ ವಾಸ್ನೆ ಬಂತು."

ನರೇಶನ ಕೈಯಿಂದ ಹಾರ ಜಾರಿತು. "ಅದು ಕೊಳಕಾಗೇ ಇರ್ಬೇಕಿತ್ತು! ನನ್ ಅನ್ನಕ್ಕೆ ಕಲ್ಲು ಹಾಕಿದ್ರಲ್ಲಾ! ನಡೀರಿ ಎಲ್ಲಾ ಆಚೆ!"

ಆಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೇಳಿದ್ರೇನ್ರೇ? ಗುಡಿಸಿದ್ದೂ ತಪ್ಪಂತೆ. ಇವನ ಹೆಂಡ್ತಿ ಹೆಂಗ್ ಬಾಳ್ತಾಳೋ!"

ಟೆಂಪೋ ಧೂಳೆಬ್ಬಿಸಿಕೊಂಡು ಹೋಯಿತು. ನರೇಶ ಅಂಗಿ ಕಳಚಿದ. ಹಸಿ ಸುಣ್ಣದ ಮೇಲೆ ಕೆಸರು ಎರಚಿದ. ಟೈರು ಸುಟ್ಟು ಮಸಿ ಹಿಡಿಸಿದ. ತೋರಣ ಕಿತ್ತ, ರಂಗೋಲಿಯ ಮೇಲೆ ಗೊಬ್ಬರ ಸುರಿದ. ಸೊಣ್ಣಪ್ಪನ ಸಿಮೆಂಟು ಒಡೆಯಲು ಹೋದರೆ ಸುತ್ತಿಗೆಯ ಹಿಡಿಯೇ ಮುರಿಯಿತು. ಇದ್ದಿಲು ಹಿಡಿದು ಬಿರುಕು ಬರೆದ. ರೇಷ್ಮೆ ಸಾಕುವವರ ಮನೆಗೆ ಓಡಿ, ಗೂಡಿನ ಮೇಲಿನ ಪುಡಿ ಎಳೆ ಬೇಡಿ ತಂದು ಮೂಲೆಮೂಲೆಗೂ ಬಲೆ ಕಟ್ಟಿದ. ಸಂಜೆಯ ಹೊತ್ತಿಗೆ ಬಂಗ್ಲೆ ಮೊದಲಿಗಿಂತ ಭೀಕರವಾಯಿತು. ನರೇಶನನ್ನು ಕಂಡು ಬೀದಿನಾಯಿ ಬೊಗಳುವುದನ್ನೂ ಮರೆತು ಓಡಿತು.

ಅಮರನಾಥ್ ಸಾಹೇಬರು ಕಾರಿಳಿದು ಮೂಗು ಮುಚ್ಚಿಕೊಂಡರು.

"ಹೆಂಗಿದೆ ಸಾರ್? ಪಕ್ಕಾ ದೆವ್ವದ ಮನೆ!"

"ಚೆನ್ನಾಗಿದೆ ಕಣ್ರೀ. ಅದೇ ಕಷ್ಟ. ನಾಲ್ಕನೇ ಭಾಗದಲ್ಲಿ ದೆವ್ವಕ್ಕೆ ಮುಕ್ತಿ ಸಿಕ್ಕಿ, ಇದೇ ಬಂಗ್ಲೇಲಿ ಹೀರೋಯಿನ್ನು ಗೃಹಪ್ರವೇಶ ಮಾಡ್ತಾಳಂತೆ. ಪಾರ್ಕಲ್ಲೂ ಹಂಗೇ ಬೇಕು ಅಂತ ನಿರ್ಮಾಪಕರು ಈಗ ತಾನೇ ಫೋನ್ ಮಾಡಿದ್ರು. ಸುಣ್ಣ, ತೋರಣ, ರಂಗೋಲಿ ಎಲ್ಲಾ. ಬೆಳಿಗ್ಗೆ ಫೋಟೋ ತೆಗೆಯೋರು ಬರ್ತಾರೆ. ಅಷ್ಟ್ರೊಳಗೆ ರೆಡಿ ಮಾಡಿ. ಪರ್ಮನೆಂಟ್ ವಿಷ್ಯ ಆಮೇಲೆ ನೋಡಣ."

ನರೇಶ ಅದೇ ಅವತಾರದಲ್ಲಿ ಓಡಿಹೋಗಿ ಆಂಜಿನಮ್ಮನ ಜಗಲಿಯ ಮುಂದೆ ಕೈಮುಗಿದು ನಿಂತ. ಅಲ್ಲಿ ಹೆಂಗಸರೆಲ್ಲ ಅವರೆಕಾಯಿ ಬಿಡಿಸುತ್ತಿದ್ದರು. ಕತೆ ಕೇಳುತ್ತಲೇ ಆಂಜಿನಮ್ಮ ಕೈಲಿದ್ದ ಅವರೆಕಾಯಿ ಬಿಡಿಸಿ ಮುಗಿಸಿದಳು. ಆಮೇಲೆ, "ನಡೀರೇ, ಹೋಗಣ" ಎಂದೆದ್ದಳು. ನರೇಶನ ಕಣ್ಣಲ್ಲಿ ನೀರೇ ಬಂತು.

ಬಂಗ್ಲೆಗೆ ಬಂದವರು ಮೆಟ್ಟಿಲ ಮೇಲೆ ಸಾಲಾಗಿ ಕೂತು, ಅವರೆಕಾಯಿ ಮೊರ ಮುಂದಿಟ್ಟುಕೊಂಡರು.

"ಪೊರಕೆ, ಅತ್ತೆ?"

"ನಾವ್ ಮುಟ್ಟಲ್ಲಪ್ಪ. ನೋಡಕ್ ಬಂದಿದೀವಿ." ಆಂಜಿನಮ್ಮ ಮಡಿಲಿಂದ ಹುಣಿಸೇಹಣ್ಣಿನ ಉಂಡೆ ತೆಗೆದು ಅವನ ಕೈಗಿಟ್ಟಳು. "ಟೈರಿನ ಮಸಿ ಬರೀ ನೀರಿಗೆ ಹೋಗಲ್ಲ ನಾಯನಾ. ಇದನ್ ಹಾಕಿ ಉಜ್ಜು. ಹಾಂ, ಮೇಲಿಂದ ಶುರು ಮಾಡು."