ನನ್ನ ಮೈದುನನ ಆರು ಅಂಕಿ

ನನ್ನ ಮೈದುನ ಕಳ್ಳನಲ್ಲ ಎಂದು ನಾನು ಯಾರೆದುರೂ ಆಣೆ ಮಾಡುವವಳಲ್ಲ. ಮದುವೆ ಬೇಡ, ಕಾಫಿ ಬೇಡ, ಒಂದು ಬೀಡಿ ಕೂಡ ಬೇಡ ಅನ್ನುವ ಗಂಡಸನ್ನು ಹೇಗೆ ನಂಬುವುದು, ನೀವೇ ಹೇಳಿ! ಅವನಿಗೆ ಬೇಕಾದ್ದು ಒಂದೇ: ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ರೂಪಾಯಿಯಲ್ಲ, ಬರೀ ಸಂಖ್ಯೆ!

ಜಂಗಮಕೋಟೆಯ ನಮ್ಮ ಹುಳುಮನೆಯ ಗೋಡೆ ತುಂಬ ಸೀಮೆಸುಣ್ಣದಲ್ಲಿ ಅದನ್ನೇ ಬರೆದಿದ್ದಾನೆ. ರೇಷ್ಮೆಹುಳು ಸೊಪ್ಪಿಗೆ ತಲೆಯೆತ್ತಿ ಕಾಯುತ್ತಿದ್ದರೆ, ಇವನು ಗೋಡೆಯ ಮುಂದೆ ನಿಂತಿರುತ್ತಾನೆ.

“ಅತ್ತಿಗೆ, ಇದನ್ನ ಎರಡರಿಂದ ಗುಣಿಸಿದ್ರೆ ಎರಡು ಎಂಟು ಐದು ಏಳು ಒಂದು ನಾಲ್ಕು. ಮೂರರಿಂದ ಗುಣಿಸಿದ್ರೂ ಅದೇ ಆರು ಅಂಕಿ! ಹೊಸಬರು ಹತ್ತಲ್ಲ, ಇರೋರು ಇಳಿಯಲ್ಲ. ಸೀಟು ಬದಲಾಯಿಸ್ತಾರೆ ಅಷ್ಟೆ!”

“ಹಂಗಾದ್ರೆ ಆ ಬಸ್ಸಿನ ಕಂಡಕ್ಟ್ರು ಉಪವಾಸ ಸಾಯ್ತಾನೆ ಬಿಡಪ್ಪ. ಸೊಪ್ಪು ಹಾಕು.”

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಗಂಡಸರು ಗುಟ್ಟಾಗಿ ಅಂಕಿ ಬರೆಯುವುದು ಯಾಕೆಂದು ನಮ್ಮೂರ ಕೂಸಿಗೂ ಗೊತ್ತು: ಮಟ್ಕಾ! ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದವರೆಲ್ಲ ಇವನ ಕಿವಿ ಕಚ್ಚುತ್ತಿದ್ದರು: “ಅಣ್ಣಾ, ಇವತ್ತು ಯಾವ್ದು ಬೀಳುತ್ತೆ?” ಇವನು ಭಕ್ತಿಯಿಂದ ನಾಲ್ಕರಿಂದ ಗುಣಿಸಿ ತೋರಿಸಿದ. ಪಕ್ಕದ ಮನೆಯವನು ಅದನ್ನೇ ನಂಬಿ ಜೂಜಾಡಿ, ಸೋತು, ನಮ್ಮ ಬಾಗಿಲಿಗೆ ಬಂದ.

“ನಿನ್ನ ಮೈದುನ ಸುಳ್ಳು ನಂಬರ್ ಕೊಟ್ಟ ಕಣಮ್ಮೋ!”

ಇವನಿಗೆ ರೋಷ ಉಕ್ಕಿತು. “ಸುಳ್ಳಾ? ಬಾ ಇಲ್ಲಿ, ನೀನೇ ಗುಣಿಸಿ ನೋಡು!”

ಅಂದಿನಿಂದ ನನಗೆ ನಿದ್ದೆಯಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಅರ್ಧ ಇವನದು. ವಾರಕ್ಕೊಮ್ಮೆ ತಲೆ ಬಾಚಿಕೊಂಡು, ಯಾರಿಗೂ ಹೇಳದೆ ಶಿಡ್ಲಘಟ್ಟದ ಬಸ್ಸು ಹತ್ತುತ್ತಾನೆ. ತೋಟವನ್ನು ಜೂಜಿಗೆ ಇಡುವುದಕ್ಕಲ್ಲದೆ ಇನ್ನೇಕೆ? ಒಂದು ದಿನ ಮುಖಕ್ಕೆ ಸೆರಗೆಳೆದುಕೊಂಡು ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಇವನು ಇಳಿದು, ನೂಲು ಬಿಚ್ಚುವವರ ಬೀದಿಯಲ್ಲಿ ಒಂದು ಮನೆ ಹೊಕ್ಕ. ಹಿಂದೆಯೇ ನುಗ್ಗಿದೆ.

“ಸಿಕ್ಕಿಬಿದ್ದೆಯಲ್ಲೋ!”

ಒಳಗೆ ಜೂಜಿಲ್ಲ, ಜೂಜುಗಾರರಿಲ್ಲ. ಮಂಚದ ಮೇಲೆ ಇವನ ವಯಸ್ಸಿನವರೊಬ್ಬರು ಒರಗಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ನಾನು ಅತ್ತಿಗೆ ಎಂದು ತಿಳಿದ ಮೇಲೆ ಅವರ ಹೆಂಡತಿ ಸ್ಟೂಲು ಎಳೆದು ಕೊಟ್ಟರು.

“ಕೂತ್ಕೊಳ್ಳಿ ಆಪಾ. ನಮ್ಮೋರೂ ನಿಮ್ಮ ಮೈದುನಾನೂ ಇಸ್ಕೂಲಲ್ಲಿ ಲೆಕ್ಕದ ಜೋಡಿ. ಲಕ್ವ ಹೊಡೆದ ಮೇಲೆ ನಮ್ಮೋರ ಬಾಯಿಂದ ಒಂದು ಮಾತೂ ಬಂದಿಲ್ಲ. ಮಾತಾಡ್ಸೋಕೆ ಅಂತ ಇವ್ರು ವಾರ ವಾರ ಬರ್ತಾರೆ.”

ಮೈದುನ ನನ್ನ ಕಡೆ ತಿರುಗಲೂ ಇಲ್ಲ. “ಮೂರರಿಂದ ಗುಣಿಸ್ತೀನಿ, ಕೇಳೋ,” ಎಂದು ಗೆಳೆಯನ ಹತ್ತಿರ ಬಾಗಿದ. “ನಾಲ್ಕು, ಎರಡು, ಎಂಟು, ಐದು, ಮೂರು, ಒಂದು.”

ಏಳು ಇರಬೇಕಾದ ಜಾಗದಲ್ಲಿ ಮೂರಾ! ಹುಳುಮನೆಯಲ್ಲಿ ಕೇಳಿ ಕೇಳಿ ನನಗೇ ಬಾಯಿಪಾಠವಾಗಿದೆ, ಇವನು ತಪ್ಪುವುದೆಂದರೇನು? ಹೇಳಲು ಬಾಯಿ ತೆರೆದೆ. ಮೈದುನ ನನ್ನತ್ತ ಕಣ್ಣು ಕೆಕ್ಕರಿಸಿದ. ಬಾಯಿ ಮುಚ್ಚಿಕೊಂಡೆ.

ಮಂಚದವರ ಹುಬ್ಬು ಗಂಟಿಕ್ಕಿತು. ಗಂಟಲಲ್ಲಿ ಏನೋ ಹೊರಳಾಡಿತು.

“ಏ... ಏಳು.” ಉಸಿರೆಳೆದುಕೊಂಡರು. “ಏಳು ಕಣೋ, ಕತ್ತೆ!”

ಅವರ ಹೆಂಡತಿ ಗೋಡೆ ಹಿಡಿದು ನಿಂತರು. ಮೈದುನ ಟವೆಲಿನಿಂದ ಮುಖ ಒರೆಸಿಕೊಂಡ.

“ಏಳಾ? ಇರಬೋದು. ಸರಿ, ಈಗ ನಾಲ್ಕರಿಂದ,” ಎಂದು ಮೊದಲ ಅಂಕಿಯನ್ನೇ ತಪ್ಪು ಹೇಳಿದ.